ಹಾರ್ಮೋನಿಯಂ ಮೇಷ್ಟ್ರ ಕಡೆಗೆ ಒಂದು ಕಿವಿ

ಚಿತ್ರದುರ್ಗ ಸೀಮೆಯಲ್ಲಿ ಸುಗ್ಗಿ ಮುಗಿದು ಜಾತ್ರೆಗಳು ಶುರುವಾದವೆಂದರೆ ಎಲ್ಲಾದರೊಂದು ಹಳ್ಳಿಯಲ್ಲಿ ಪೌರಾಣಿಕ ನಾಟಕ ಇದ್ದೇ ಇರುತ್ತದೆ. ‘ಕುರುಕ್ಷೇತ್ರ’ವೋ ‘ದಾನಶೂರ ಕರ್ಣ’ವೋ, ರಾತ್ರಿ ಪರದೆ ಎದ್ದರೆ ಬೆಳಗಾಗುವವರೆಗೂ ಆಟ. ಹೊಸದಾಗಿ ನೋಡಲು ಬಂದವರ ಕಣ್ಣು ದುರ್ಯೋಧನನ ಕಿರೀಟದ ಮೇಲೆ, ಭೀಮನ ಗದೆಯ ಮೇಲೆ ನಿಲ್ಲುವುದು ಸಹಜವೇ. ಆದರೆ ಆಟವನ್ನು ಹೊತ್ತು ನಡೆಸುವವರು ರಂಗದ ಬದಿಯಲ್ಲಿ ಕೂತ ಹಾರ್ಮೋನಿಯಂ ಮೇಷ್ಟ್ರು. ಅವರ ನುಡಿಸಾಣಿಕೆ ಕೇಳುವುದನ್ನು ಕಲಿತರೆ ನಾಟಕದ ರುಚಿಯೇ ಬೇರೆ.

ಮೊದಲು ಕೂರುವ ಜಾಗ ನೋಡಿಕೊಳ್ಳಿ. ಸ್ಪೀಕರ್ ಎದುರು ಬೇಡ. ಮೇಷ್ಟ್ರ ಬೆರಳು ಮತ್ತು ಪಾದ ಎರಡೂ ಕಾಣುವ ಕಡೆ ಕೂರಿ. ಭಜನೆಯ ಕೈಪೆಟ್ಟಿಗೆಯಲ್ಲಿ ಎಡಗೈ ತಿದಿ ಒತ್ತುವುದರಲ್ಲೇ ಕಳೆದುಹೋಗುತ್ತದೆ. ನಾಟಕದ ಕಾಲು ಹಾರ್ಮೋನಿಯಂನಲ್ಲಿ ಆ ಕೆಲಸ ಪಾದಗಳದು, ಹಾಗಾಗಿ ಎರಡು ಕೈಯೂ ಬಿಡುವಾಗಿರುತ್ತವೆ. ಬಲಗೈ ಹಾಡಿನ ಬೆನ್ನು ಹತ್ತುತ್ತದೆ, ಎಡಗೈ ಕೆಳಗಿನ ಸ್ಥಾಯಿಯಲ್ಲಿ ಷಡ್ಜ ಪಂಚಮ ಹಿಡಿದು ನಟನಿಗೆ ನೆಲ ಕೊಡುತ್ತದೆ. ಪಾದದ ಒತ್ತಡ ಹೆಚ್ಚಿದರೆ ನಾದ ಉಬ್ಬುತ್ತದೆ, ತಗ್ಗಿದರೆ ಇಳಿಯುತ್ತದೆ. ಈಗ ಎಷ್ಟೋ ಕಡೆ ಕೀಬೋರ್ಡ್ ಬಂದಿದೆ. ಸಾಗಿಸಲು ಹಗುರ, ಸದ್ದೂ ಜೋರು. ಆದರೆ ಹಾಡುವವನ ಉಸಿರಿನ ಜೊತೆ ಏರಿಳಿಯುವ ಆ ಗಾಳಿ ಅದರಲ್ಲಿಲ್ಲ, ಅದಕ್ಕೇ ನನ್ನ ಮನಸ್ಸು ಅದಕ್ಕೆ ಒಗ್ಗುವುದಿಲ್ಲ.

ಮೇಷ್ಟ್ರ ಕಸುಬು ತಿಳಿಯಬೇಕಾದರೆ ಕಂದಪದ್ಯಕ್ಕೆ ಕಾಯಬೇಕು. ಕಂದಕ್ಕೆ ತಾಳದ ಕಟ್ಟಿಲ್ಲ. ತಬಲ ಬಹುಮಟ್ಟಿಗೆ ಸುಮ್ಮನಿರುತ್ತದೆ. ನಟ ಒಂದು ಸಾಲು ಎತ್ತುತ್ತಾನೆ, ಎಲ್ಲಿ ಎಳೆಯುತ್ತಾನೆ, ಎಲ್ಲಿ ನಿಲ್ಲಿಸುತ್ತಾನೆ ಎಂಬುದು ಅವನಿಗೇ ಪೂರ್ತಿ ಗೊತ್ತಿರುವುದಿಲ್ಲ. ಹಗಲೆಲ್ಲ ಅಡಿಕೆ ತೋಟದಲ್ಲೋ ಅಂಗಡಿಯಲ್ಲೋ ದುಡಿದ ಗಂಟಲು ಅದು. ಮೇಷ್ಟ್ರ ಬಲಗೈ ಅವನಿಗಿಂತ ಕೂದಲೆಳೆಯಷ್ಟು ಹಿಂದೆ ನಡೆಯುತ್ತದೆ. ಸಾಲು ಮುಗಿದ ಕೂಡಲೇ ಕೊನೆಯ ತುಣುಕನ್ನು ಹಾಗೇ ಎತ್ತಿಕೊಂಡು ತಿರುಗಿ ನುಡಿಸುತ್ತಾರೆ. ಜನ ಅದನ್ನು ಸೊಗಸು ಎನ್ನುತ್ತಾರೆ, ನಿಜ. ಆದರೆ ಅಷ್ಟರಲ್ಲಿ ನಟನಿಗೆ ಉಸಿರು ಸಿಕ್ಕಿರುತ್ತದೆ, ಮರೆತ ಮುಂದಿನ ಪದವೂ ನೆನಪಾಗಿರುತ್ತದೆ. ಶ್ರುತಿ ಜಾರಿದರೆ ಮೇಷ್ಟ್ರು ಕಣ್ಣು ಕೆಕ್ಕರಿಸುವುದಿಲ್ಲ, ಷಡ್ಜವನ್ನು ಒಂದಿಷ್ಟು ಗಟ್ಟಿಯಾಗಿ ಒತ್ತುತ್ತಾರೆ. ದನಿ ದಾರಿಗೆ ಬರುತ್ತದೆ.

ಶ್ರುತಿಯ ಮಾತು ಬಂತಲ್ಲ, ‘ಮನೆ’ಯ ಲೆಕ್ಕ ತಿಳಿದಿರಲಿ. ಬಿಳಿ ಪಟ್ಟಿಗಳು ಒಂದು, ಎರಡು, ಮೂರನೆಯ ಮನೆ. ನಡುವಿನ ಕರಿ ಪಟ್ಟಿಗಳು ಒಂದೂವರೆ, ಎರಡೂವರೆ. ಕೃಷ್ಣನ ಪಾತ್ರದ ಗಂಡಸು ಒಂದು ಅಥವಾ ಎರಡು ಮನೆಗೆ ಹಾಡಿದರೆ, ರುಕ್ಮಿಣಿಯಾಗಿ ಬಂದ ಕಲಾವಿದೆ ಐದಕ್ಕೋ ಐದೂವರೆಗೋ ಎತ್ತುತ್ತಾಳೆ. ಇಬ್ಬರ ಹಾಡಿನ ನಡುವೆ ಮನೆ ಬದಲಿಸಲು ಮೇಷ್ಟ್ರಿಗೆ ಸಿಗುವುದು ನಾಲ್ಕು ಮಾತಿನ ಅವಕಾಶ. ಮೋಹನ ರಾಗವನ್ನೇ ನೋಡಿ. ಒಂದನೇ ಮನೆಯಲ್ಲಿ ಅದರ ಐದೂ ಸ್ವರ ಬಿಳಿ ಪಟ್ಟಿಗಳ ಮೇಲೆ ಬೀಳುತ್ತವೆ. ನಾಲ್ಕೂವರೆಗೆ ಏರಿಸಿದರೆ ಐದೂ ಕರಿ ಪಟ್ಟಿಗಳೇ! ಮಿಕ್ಕ ಹೆಚ್ಚಿನ ಮನೆಗಳಲ್ಲಿ ಎರಡರ ಬೆರಕೆ. ಒಂದೇ ಹಾಡಿಗೆ ಬೆರಳು ನಡೆಯುವ ದಾರಿ ಪ್ರತಿ ಸಲವೂ ಬೇರೆ. ಇದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಯಾವ ರಾಗವಾದರೂ ಹನ್ನೆರಡು ಶ್ರುತಿಯಲ್ಲೂ ತಡವರಿಸದೆ ಬರಬೇಕು.

ಈ ವಾದ್ಯಕ್ಕೆ ಗಮಕ ಬರುವುದಿಲ್ಲ ಎಂಬ ದೂರು ಹಳೆಯದು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂ ಅನ್ನು ಹೊರಗಿಟ್ಟಾಗ ಇದೂ ಒಂದು ಕಾರಣವಾಗಿತ್ತು. ಸುಮಾರು ಮೂರು ದಶಕ ಆ ನಿಷೇಧ ನಡೆಯಿತು. ನಾಟಕದ ಕಂಪನಿಗಳು ಮಾತ್ರ ಪೆಟ್ಟಿಗೆಯನ್ನು ಬಿಡಲಿಲ್ಲ. ದೂರಿನಲ್ಲಿ ಸತ್ಯವಿದೆ, ಎರಡು ಪಟ್ಟಿಗಳ ನಡುವೆ ಜಾರಲು ದಾರಿಯಿಲ್ಲ. ಒಳ್ಳೆಯ ಮೇಷ್ಟ್ರು ಅದನ್ನು ಬಲ್ಲರು. ನಟ ತೋಡಿಯ ಗಾಂಧಾರವನ್ನು ತೂಗುವಾಗ ಅವರು ಬಲಗೈ ಎತ್ತಿಬಿಡುತ್ತಾರೆ, ಶ್ರುತಿಯೊಂದೇ ಉಳಿಯುತ್ತದೆ. ಆ ಬಿಡುವನ್ನು ಗುರುತಿಸಿದ ದಿನ ನೀವು ರಸಿಕರಾದಿರಿ ಎನ್ನಬಹುದು.

ಪ್ಯಾರಿಸ್ಸಿನ ಜಿಪ್ಸಿ ಜಾಝ್ ಕೇಳಿದಾಗಲೆಲ್ಲ ನನಗೆ ನಮ್ಮ ಮೇಷ್ಟ್ರುಗಳು ನೆನಪಾಗುತ್ತಾರೆ, ಅಲ್ಲೂ ಸಂಗೀತವನ್ನು ಹೊರುವವರು ಸಾಥ್ ಕೊಡುವವರೇ. ಅದರ ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಹದಿಹರೆಯದಲ್ಲಿ ಅಕಾರ್ಡಿಯನ್ ವಾದಕರಿಗೆ ಬ್ಯಾಂಜೊ ಸಾಥ್ ಕೊಡುತ್ತಾ ಬೆಳೆದವನು. 1934ರಲ್ಲಿ ಸ್ಟೆಫಾನ್ ಗ್ರಾಪೆಲಿಯ ಪಿಟೀಲಿನ ಜೊತೆ ಶುರುವಾದ ಅವನ ತಂಡದಲ್ಲಿ ಡ್ರಮ್ಮೇ ಇರಲಿಲ್ಲ, ಲಯವೆಲ್ಲ ಸಾಥ್ ಗಿಟಾರುಗಳ ಬಲಗೈ ಮೇಲೆ. ಅಕಾರ್ಡಿಯನ್ನೂ ನಮ್ಮ ಪೆಟ್ಟಿಗೆಯೂ ತಿದಿಯ ಗಾಳಿಗೆ ಲೋಹದ ರೀಡು ಕಂಪಿಸಿ ನುಡಿಯುವ ಒಂದೇ ಕುಲದವು. 1842ರಲ್ಲಿ ಪ್ಯಾರಿಸ್ಸಿನಲ್ಲೇ ಪೇಟೆಂಟ್ ಪಡೆದ ಹಾರ್ಮೋನಿಯಂ ಕಲ್ಕತ್ತೆಯಲ್ಲಿ ಕೈಪೆಟ್ಟಿಗೆಯ ರೂಪ ತಳೆಯಿತು.

ನಮ್ಮ ಕಡೆಗೆ ಈ ವಿದ್ಯೆ ಇಳಿದು ಬಂದದ್ದು ಕಂಪನಿಗಳಿಂದ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಅಲ್ಲಿಯದು. ಹಳೆಯ ಮಟ್ಟುಗಳ ಖಚಿತ ರೂಪ ಬೇಕೆಂದರೆ ರಂಗಸಂಗೀತಗಾರ ಆರ್. ಪರಮಶಿವನ್ ಅವರ ಧ್ವನಿಮುದ್ರಣ ಹುಡುಕಿ ಕೇಳಿ. ಹೊಸ ಬಗೆಯ ರಂಗಸಂಗೀತಕ್ಕೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋಗಬೇಕು. 1997ರಲ್ಲಿ ಶುರುವಾದ ಅಲ್ಲಿನ ಶಿವಸಂಚಾರ ತಂಡದ ನಾಟಕಗಳಲ್ಲಿ ವಚನಗಳ ಹಾಡುಗಾರಿಕೆ ಕೇಳಲು ಸಿಗುತ್ತದೆ.

ಹಿರಿಯೂರು, ಹೊಳಲ್ಕೆರೆ ಕಡೆಯ ಹಳ್ಳಿಗಳಲ್ಲಿ ನಾಟಕದ ಹ್ಯಾಂಡ್‌ಬಿಲ್ ಕಂಡರೆ ಆಟದ ದಿನಕ್ಕಾಗಿ ಕಾಯಬೇಡಿ. ಒಂದು ವಾರ ಮೊದಲೇ ಹೋಗಿ ತಾಲೀಮು ಎಲ್ಲಿ ಎಂದು ವಿಚಾರಿಸಿ, ಮೇಷ್ಟ್ರನ್ನು ಕೇಳಿಕೊಂಡು ಹಿಂದೆ ಕೂರಿ. ಮೈಕಿಲ್ಲ, ವೇಷವಿಲ್ಲ. ಒಂದೇ ಕಂದವನ್ನು ಕರ್ಣನ ಬಾಯಲ್ಲಿ ಹತ್ತು ಸಲ ಹಾಡಿಸಿ, ಅವನ ಗಂಟಲಿಗೆ ಯಾವ ಮನೆ ಹೊಂದುತ್ತದೆಂದು ಮೇಷ್ಟ್ರು ಹುಡುಕುತ್ತಿರುತ್ತಾರೆ.