ಒಲೆ ದೊಡ್ಡದಿರಲಿ, ಮಡಕೆ ಚಿಕ್ಕದಿರಲಿ

ಮನೆಯಲ್ಲೇ ಬಿಯರ್ ಮಾಡುವ ಹವ್ಯಾಸಿಗಳು ಹತ್ತು ಜನ ಒಂದೆಡೆ ಕೂಡಿದರೆ ಅವರಿಗೆ ಮೊದಲು ಹತ್ತುವ ಹುಚ್ಚು ದೊಡ್ಡ ಪಾತ್ರೆಯದು. ಮನೆಬಳಕೆಗೆ ಮಾಡಿಕೊಂಡ ಬಿಯರಿಗೆ ತೆರಿಗೆ ಬೇಡವೆಂಬ ಕಾನೂನು ಅಮೆರಿಕದಲ್ಲಿ 1978ರಲ್ಲಿ ಆಗಿ ಮರುವರ್ಷ ಜಾರಿಗೆ ಬಂತು. ಅಲ್ಲಿಂದೀಚೆಗೆ ಈ ಹುಚ್ಚು ಅಲ್ಲಿ ಒಂದು ಕಸುಬಿನಷ್ಟೇ ಪಳಗಿಬಿಟ್ಟಿದೆ. ಸುಮಾರು 58 ಲೀಟರ್ ಹಿಡಿಯುವ ಉಕ್ಕಿನ ಬಿಯರ್ ಪೀಪಾಯಿಯ ನೆತ್ತಿ ಕೊಯ್ದು ಹಂಡೆ ಮಾಡುತ್ತಾರೆ. ಆಂಗಲ್ ಕಬ್ಬಿಣ ಬೆಸೆದು ಮೂರು ಮೆಟ್ಟಿಲಿನ ಸ್ಟ್ಯಾಂಡ್ ನಿಲ್ಲಿಸುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಬಿಸಿನೀರು, ನಡುವಿನದರಲ್ಲಿ ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯ ನುಚ್ಚು ನೆನೆಯುವ ಪಾತ್ರೆ, ಕೆಳಗೆ ಹಾಪ್ಸ್ ಎಂಬ ಕಹಿ ಹೂ ಹಾಕಿ ಕುದಿಸುವ ಹಂಡೆ. ಅಡಿಯಲ್ಲಿ ಗ್ಯಾಸ್ ಬರ್ನರ್, ಪಕ್ಕದಲ್ಲಿ ಪಂಪು, ವಾಲ್ವು, ಥರ್ಮಾಮೀಟರು. ಇನ್ನೂ ಉಮೇದಿದ್ದವರು ಒಂದೇ ಬಾರಿಗೆ ಒಂದು ಬ್ಯಾರೆಲ್, ಅಂದರೆ 117 ಲೀಟರ್ ಕುದಿಸುವಷ್ಟು ದೊಡ್ಡದನ್ನು ಕಟ್ಟುತ್ತಾರೆ. ನೋಡಿದವರು ಬೆಸುಗೆಯ ಅಂದವನ್ನು ಹೊಗಳುತ್ತಾರೆ, ಅದು ಹೊಗಳುವಂಥದ್ದೇ. ಆದರೆ ಬಿಯರ್ ಎಂಬ ಕೆಲಸದ ಯಾವ ಭಾಗಕ್ಕೆ ಈ ಗಾತ್ರ ಬೇಕು, ಯಾವ ಭಾಗಕ್ಕೆ ಅದು ಹಾನಿ ಎಂದು ಕೇಳುವವರು ಕಡಿಮೆ. ಅದನ್ನು ಕೇಳಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ತಕ್ಕ ಜಾಗ. ದೊಡ್ಡ ಪಾತ್ರೆ ಮತ್ತು ಚಿಕ್ಕ ಪಾತ್ರೆ ಎರಡೂ ಅಲ್ಲಿ ಒಂದೇ ಸಮುದಾಯದ ಕೈಯಲ್ಲಿವೆ.

1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ಸರ್ಕಾರ ಅಲ್ಲಿ ಕೊಟ್ಟ ಸುಮಾರು 3000 ಎಕರೆ ನೆಲದಲ್ಲಿ ಲುಗ್ಸುಂ ಸಮ್ದುಪ್ಲಿಂಗ್ ಎಂಬ ಟಿಬೆಟನ್ ವಸತಿ ಎದ್ದಿತು. 1969ರಲ್ಲಿ ಅದರ ಪಕ್ಕಕ್ಕೆ ಡಿಕ್ಯಿ ಲಾರ್ಸೋ ಸೇರಿತು. ಬೌದ್ಧ ಗುರು ಪೆನೋರ್ ರಿನ್‌ಪೋಚೆ 1963ರಲ್ಲಿ ನಾಮ್ಡ್ರೋಲಿಂಗ್ ಮಠ ಸ್ಥಾಪಿಸಿದರು. ಪಶ್ಚಿಮ ಬಂಗಾಳದ ಬಕ್ಸಾ ಶಿಬಿರದಲ್ಲಿ ದಿನ ನೂಕಿದ್ದ ಸೇರಾ ಮಠದ ಭಿಕ್ಷುಗಳು 1970ರ ಸುಮಾರಿಗೆ ಇಲ್ಲಿ ನೆಲೆಯೂರಿದರು. ಸಾವಿರಾರು ಭಿಕ್ಷುಗಳು ಸಾಲಾಗಿ ಕೂರುವ ಪ್ರಾರ್ಥನೆಗೆ ಚಹಾ ಬೇಕೆಂದರೆ ಅದು ಮನೆಯ ಪಾತ್ರೆಯಲ್ಲಿ ಆಗುವ ಮಾತಲ್ಲ. ಆಳೆತ್ತರದ ಒಲೆಯ ಮೇಲೆ ಕೊಪ್ಪರಿಗೆ ಏರಿಸಿ, ಎರಡು ಕೈಯಲ್ಲಿ ಹಿಡಿಯಬೇಕಾದ ಸೌಟಿನಲ್ಲಿ ತಿರುವುವುದು ಈ ಮಠಗಳ ಹಳೆಯ ವಿದ್ಯೆ, ಟಿಬೆಟಿನಿಂದ ಹೊತ್ತು ತಂದದ್ದು. ವಿನಯವೆಂಬ ಬೌದ್ಧ ಸಂಘದ ನಿಯಮದ ಪ್ರಕಾರ ಭಿಕ್ಷುವಿಗೆ ಮದ್ಯ ವರ್ಜ್ಯ. ಹಾಗಾಗಿ ಜವೆ ಅಥವಾ ಅಕ್ಕಿ ಹುದುಗಿಸಿ ಮಾಡುವ ಛಾಂಗ್ ಗೃಹಸ್ಥರ ಮನೆಗಳದು, ಲೋಸಾರ್ ಎಂಬ ಹೊಸ ವರ್ಷಕ್ಕೆ, ಮದುವೆಗೆ, ಬಂದ ನೆಂಟರಿಗೆ. ಚಹಾ ಕೊಪ್ಪರಿಗೆಯಲ್ಲಿ, ಛಾಂಗ್ ಮಡಕೆಯಲ್ಲಿ. ಇದು ಮಠಕ್ಕೂ ಮನೆಗೂ ಇರುವ ವ್ಯತ್ಯಾಸ ಮಾತ್ರ, ಇದರಲ್ಲಿ ತಂತ್ರಜ್ಞಾನದ ವಿವೇಕವೇನಿದೆ ಎಂದು ಯಾರಾದರೂ ಕೇಳಬಹುದು. ಸರಿಯಾದ ಆಕ್ಷೇಪವೇ. ಪದ್ಧತಿ ಹುಟ್ಟಿದ್ದು ವಿವೇಕದಿಂದಲೋ ಅನಿವಾರ್ಯದಿಂದಲೋ ಎಂಬ ಜಗಳಕ್ಕೆ ನಾನು ಇಳಿಯುವುದಿಲ್ಲ. ಹುಟ್ಟಿದ್ದು ಹೇಗೇ ಇರಲಿ, ಅದು ನಿಂತಿರುವ ನೆಲ ಗಟ್ಟಿಯೇ ಎಂದು ಒತ್ತಿ ನೋಡುವುದು ವಿಮರ್ಶೆಯ ಕೆಲಸ.

ಛಾಂಗ್ ಮಾಡುವ ಬಗೆ ಸರಳ, ಆದರೆ ಅದರೊಳಗಿನ ರಸಾಯನ ಬಿಯರಿಗಿಂತ ಜಟಿಲ. ಧಾನ್ಯವನ್ನು ಮೊಳಕೆ ಕಟ್ಟುವುದಿಲ್ಲ. ಕಾಳು ಬಿರಿಯುವವರೆಗೆ ಬೇಯಿಸಿ, ನೀರು ಆರಿಸಿ, ಬಟ್ಟೆಯ ಮೇಲೆ ಹರಡುತ್ತಾರೆ. ಬಿಸಿ ಎಷ್ಟು ಇಳಿದಿದೆ ಎಂದು ನೋಡುವುದು ಬೆರಳಿನಿಂದ: ಕಾಳಿನ ರಾಶಿಯೊಳಗೆ ಬೆರಳು ತೂರಿಸಿದರೆ ಬೆಚ್ಚಗಿರಬೇಕು, ಸುಡಬಾರದು. ಆಗ ಫಾಬ್ ಎಂಬ ಒಣ ಬಿಲ್ಲೆಯನ್ನು ಪುಡಿ ಮಾಡಿ ಉದುರಿಸಿ ಕಲಸುತ್ತಾರೆ. ಈ ಬಿಲ್ಲೆಯಲ್ಲಿ ಯೀಸ್ಟ್ ಒಂದೇ ಇರುವುದಿಲ್ಲ, ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಬೂಷ್ಟು ಜಾತಿಗಳೂ ಇರುತ್ತವೆ. ಬಿಯರಿನಲ್ಲಿ ಪಿಷ್ಟ ಒಡೆಯುವುದು ಮೊಳಕೆಯ ಕಿಣ್ವ. ಅದಕ್ಕೆ 65 ಡಿಗ್ರಿಯ ಆಸುಪಾಸಿನ ನೀರು ಸುಮಾರು ಒಂದು ಗಂಟೆ ಬೇಕು, ಎರಡು ಮೂರು ಡಿಗ್ರಿ ಆಚೀಚೆಯಾದರೂ ಬಿಯರಿನ ಮೈ ಬದಲಾಗುತ್ತದೆ. ಹವ್ಯಾಸಿಗಳ ಪಂಪು, ಥರ್ಮಾಮೀಟರುಗಳೆಲ್ಲ ಮುಖ್ಯವಾಗಿ ಈ ಒಂದು ಗಂಟೆಯ ಕಾವಲಿಗೆ. ಛಾಂಗಿನಲ್ಲಿ ಬೂಷ್ಟು ಸಕ್ಕರೆ ಮಾಡುತ್ತಾ ಹೋದಂತೆ ಪಕ್ಕದಲ್ಲೇ ಯೀಸ್ಟು ಅದನ್ನು ಮದ್ಯ ಮಾಡುತ್ತಾ ಬರುತ್ತದೆ. ಎರಡೂ ಒಂದೇ ಬುಟ್ಟಿಯಲ್ಲಿ, ಕಂಬಳಿ ಹೊದ್ದು, ಎರಡು ಮೂರು ದಿನದಲ್ಲಿ. ಆಮೇಲೆ ಮಡಕೆಗೆ ತುಂಬಿ ನೀರು ಹೊಯ್ದು ರಸ ಬಸಿಯುತ್ತಾರೆ. ಅದೇ ಕಾಳಿಗೆ ಎರಡನೆಯ, ಮೂರನೆಯ ನೀರೂ ಬೀಳುತ್ತದೆ. ತಮಾಷೆಯೆಂದರೆ, ಇದೇ ಹುಣಸೂರು, ಪಿರಿಯಾಪಟ್ಟಣದ ರೈತಮನೆಗಳಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ ಬೀಸುತ್ತಾರೆ. ಯಾವ ಬಿಯರ್ ಕಾರ್ಖಾನೆಯವರೂ ತಲೆದೂಗಬೇಕಾದ ಕೆಲಸ ಅದು. ಆ ಹಿಟ್ಟು ಮಗುವಿನ ಗಂಜಿಗೆ ಹೋಗುತ್ತದೆ. ಮೊಳಕೆ ಬಲ್ಲವರು ಹೆಂಡಕ್ಕೆ ಅದನ್ನು ಬಳಸಲಿಲ್ಲ, ಹೆಂಡ ಬಲ್ಲವರಿಗೆ ಮೊಳಕೆ ಬೇಕಾಗಲಿಲ್ಲ.

ಈಗ ಗಾತ್ರದ ಲೆಕ್ಕ. 20 ಲೀಟರಿನ ಪಾತ್ರೆಯನ್ನು ಅದೇ ಆಕಾರದಲ್ಲಿ 200 ಲೀಟರಿಗೆ ಹಿಗ್ಗಿಸಿದರೆ ಒಳಗಿನ ಸರಕು 10 ಪಟ್ಟಾಗುತ್ತದೆ, ಪಾತ್ರೆಯ ಹೊರಮೈ ಮಾತ್ರ ಸುಮಾರು 4.6 ಪಟ್ಟು. ಅಂದರೆ ಒಂದೊಂದು ಲೀಟರಿನ ಪಾಲಿಗೆ ಬರುವ ಮೈ ಅರ್ಧಕ್ಕಿಂತ ಕಡಿಮೆ. ಶಾಖ ಹೊರಗೆ ಹೋಗುವುದು ಮೈಯಿಂದಲೇ. ಕುದಿಸುವಾಗ ಇದು ವರ. 117 ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಗೆ ತರಲು ಹತ್ತಿರಹತ್ತಿರ 11 ಯೂನಿಟ್ ವಿದ್ಯುತ್ತಿನಷ್ಟು ಶಾಖ ಬೇಕು. ಅದನ್ನು ಆರು ಪಾತ್ರೆಗಳಲ್ಲಿ ಹಂಚಿ ಕುದಿಸಿದರೆ ಗಾಳಿಗೆ ಸೋರುವ ಪಾಲು ಬೆಳೆಯುತ್ತದೆ. ಮಠದ ಕೊಪ್ಪರಿಗೆ ಸೌದೆ ಉಳಿಸುವುದು ಈ ಕಾರಣಕ್ಕೆ. ಹುದುಗುವಾಗ ಅದೇ ಲೆಕ್ಕ ಶಾಪವಾಗುತ್ತದೆ. ಬೂಷ್ಟು, ಯೀಸ್ಟು ಎರಡೂ ಕೆಲಸ ಮಾಡುತ್ತ ಶಾಖ ಬಿಡುತ್ತವೆ. ಬೆಂದ ಕಾಳಿನ ರಾಶಿ ದ್ರವದಂತೆ ತನ್ನಷ್ಟಕ್ಕೆ ಮೇಲೆ ಕೆಳಗೆ ತಿರುಗುವುದಿಲ್ಲ, ನಡುವಿನ ಬಿಸಿ ನಡುವೆಯೇ ಕೂರುತ್ತದೆ. 30 ಡಿಗ್ರಿ ಹಿತವಾದ ಜೀವಿಗಳು 40ರ ಹತ್ತಿರ ಸೊರಗುತ್ತವೆ, ಹುಳಿ ತರುವ ಬ್ಯಾಕ್ಟೀರಿಯಾಗಳಿಗೆ ಆಗ ಸುಗ್ಗಿ. 3650 ಮೀಟರ್ ಎತ್ತರದ ಲಾಸಾದಲ್ಲಿ ಲೋಸಾರ್ ಹೊತ್ತಿಗೆ ರಾತ್ರಿ ಹೆಪ್ಪುಗಟ್ಟುವ ಚಳಿ. ಅಲ್ಲಿ ಕಂಬಳಿ ಬೇಕೇ ಬೇಕು, ರಾಶಿ ತುಸು ದೊಡ್ಡದಿದ್ದರೂ ನಡೆಯುತ್ತದೆ. ಅದೇ ಹೊತ್ತಿಗೆ, ಫೆಬ್ರವರಿಯ ಸುಮಾರಿಗೆ, ಬೈಲಕುಪ್ಪೆಯ ಮಧ್ಯಾಹ್ನ 30 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಇಲ್ಲಿ ಕಂಬಳಿಯೇ ಅನುಮಾನದ ವಸ್ತು, ದೊಡ್ಡ ಡ್ರಮ್ಮಂತೂ ಕಾಳನ್ನು ತನ್ನ ಶಾಖದಲ್ಲೇ ಬೇಯಿಸುವ ಪೆಟ್ಟಿಗೆ. ಕುದಿಯ ಲೆಕ್ಕದಲ್ಲಿ ಮಾತ್ರ ಬೈಲಕುಪ್ಪೆಗೆ ಲಾಭ: ಲಾಸಾದಲ್ಲಿ ನೀರು 88 ಡಿಗ್ರಿಯ ಹತ್ತಿರವೇ ಕುದಿದುಬಿಡುತ್ತದೆ, ಇಲ್ಲಿ 97ಕ್ಕೆ. ಕಾಳು ಬೇಗ ಬಿರಿಯುತ್ತದೆ. ಒಟ್ಟಿನಲ್ಲಿ ಈ ನೆಲ ದೊಡ್ಡ ಒಲೆಗೆ ಒಗ್ಗುತ್ತದೆ, ದೊಡ್ಡ ಮಡಕೆಗೆ ಒಗ್ಗುವುದಿಲ್ಲ.

ಇದು ಛಾಂಗಿಗೆ ಮಾತ್ರ ಸಲ್ಲುವ ಮಾತೇ ಎಂದರೆ ಹವ್ಯಾಸಿ ಕ್ಲಬ್ಬುಗಳ ನಡವಳಿಕೆಯೇ ಅಲ್ಲವೆನ್ನುತ್ತದೆ. ಒಂದು ಬ್ಯಾರೆಲ್ ಹಂಡೆ ಕಟ್ಟಿಕೊಂಡ ಕ್ಲಬ್ಬುಗಳು ಅನೇಕ ಸಲ ಮಾಡುವುದೇನು? ಕುದಿಸುವವರೆಗೆ ಎಲ್ಲರೂ ಒಟ್ಟಿಗೆ. ರಸ ತಣಿದ ಮೇಲೆ ಒಬ್ಬೊಬ್ಬರೂ ತಮ್ಮ ಪಾಲನ್ನು 20 ಲೀಟರಿನ ಕ್ಯಾನಿಗೆ ತುಂಬಿಸಿಕೊಂಡು ಮನೆಗೆ ಒಯ್ದು, ತಮಗೆ ಬೇಕಾದ ಯೀಸ್ಟ್ ಹಾಕಿ, ತಮ್ಮ ಮನೆಯ ತಂಪು ಮೂಲೆಯಲ್ಲಿ ಇಡುತ್ತಾರೆ. ಮದುವೆಮನೆಯಲ್ಲಿ ಇಡ್ಲಿ ಹಿಟ್ಟನ್ನು ಒಂದೇ ದೊಡ್ಡ ಗ್ರೈಂಡರಿನಲ್ಲಿ ಅರೆದು ಹತ್ತು ಪಾತ್ರೆಗಳಲ್ಲಿ ಉಕ್ಕಲು ಬಿಡುವ ಹಾಗೆ. ಹೀಗಿದ್ದೂ ಅವರ ಕಾಸು ಮತ್ತು ಕೌಶಲ ಸುರಿಯುವುದು ಮೂರು ಮೆಟ್ಟಿಲಿನ ಸ್ಟ್ಯಾಂಡಿಗೆ, ಹೊಳೆಯುವ ವಾಲ್ವಿಗೆ. ರಸವನ್ನು ಬೇಗ ತಣಿಸುವ ತಾಮ್ರದ ಸುರುಳಿ, ಕ್ಯಾನುಗಳ ಶುಚಿ, ಇಡುವ ಕೋಣೆಯ ಉಷ್ಣತೆ ಇವೆಲ್ಲ ಆಮೇಲಿನ ವಿಚಾರ. ಬಿಯರ್ ಕೆಡುವುದು ಬಹುತೇಕ ಆ ಆಮೇಲಿನ ಹಂತದಲ್ಲೇ. ಕುದಿಯುವ ಹಂಡೆಯಲ್ಲಿ ಹುಳಿ ತರುವ ಯಾವ ಜೀವಿಯೂ ಬದುಕುವುದಿಲ್ಲ. ಅದು ತಣಿದು 30 ಡಿಗ್ರಿಗೆ ಇಳಿಯುವ ಹೊತ್ತಿಗೆ ಗಾಳಿಯಲ್ಲಿದ್ದದ್ದೆಲ್ಲ ಒಳಗೆ ಬೀಳಲು ಹೊಂಚಿರುತ್ತದೆ. ದೊಡ್ಡ ಹಂಡೆ ತಣಿಯುವುದೂ ನಿಧಾನ, ಅದೇ ಹೊರಮೈಯ ಲೆಕ್ಕದಿಂದ. ಮನೆಕಟ್ಟಿನ ದೊಡ್ಡ ಸಲಕರಣೆಗಳ ಬಗ್ಗೆ ನನ್ನ ದೂರು ಇಷ್ಟೇ: ಅವು ಕಣ್ಣಿಗೆ ಕಾಣುವ ಭಾಗವನ್ನು ಚೆನ್ನಾಗಿ ಮಾಡಿ, ಕಾಣದ ಭಾಗವನ್ನು ಅದೃಷ್ಟಕ್ಕೆ ಬಿಟ್ಟಿವೆ.

ಕಾರ್ಖಾನೆಗಳು ಲಕ್ಷಗಟ್ಟಲೆ ಲೀಟರನ್ನು ಒಂದೇ ತೊಟ್ಟಿಯಲ್ಲಿ ಹುದುಗಿಸುವುದಿಲ್ಲವೇ ಎಂಬುದು ಮೊದಲು ಬರುವ ಪ್ರತಿವಾದ. ಹುದುಗಿಸುತ್ತವೆ. ಆದರೆ ಅಲ್ಲಿ ಹುದುಗುವುದು ಸೋಸಿದ ದ್ರವ. ತೊಟ್ಟಿಯ ಗೋಡೆಗೆ ಎರಡನೆಯ ಗೋಡೆ ಹೊದಿಸಿ ನಡುವೆ ತಣ್ಣನೆಯ ಗ್ಲೈಕಾಲ್ ಹರಿಸುತ್ತಾರೆ, ಹಗಲಿರುಳು ಕಂಪ್ರೆಸರ್ ಓಡುತ್ತದೆ. ಬೆಸುಗೆಯವನು ಮನೆಯಂಗಳದಲ್ಲಿ ಹಂಡೆ ಮಾಡಿಕೊಟ್ಟಾನು, ಆ ತಂಪನ್ನು ಮಾಡಿಕೊಡಲಾರ. ಕಾರ್ಖಾನೆಯ ಗಾತ್ರವನ್ನು ಅನುಕರಿಸಿ ಅದರ ತಂಪನ್ನು ಬಿಟ್ಟರೆ ಉಳಿಯುವುದು ಗಾತ್ರ ಮಾತ್ರ. ಹತ್ತು ಮಡಕೆಯಲ್ಲಿ ಹತ್ತು ರುಚಿ ಬರುತ್ತದಲ್ಲ ಎಂಬ ಎರಡನೆಯ ಪ್ರತಿವಾದ ಇದಕ್ಕಿಂತ ಗಟ್ಟಿ. ಬರುತ್ತದೆ. ಒಂದು ಮಡಕೆ ಹುಳಿಯಾಗಿ, ಇನ್ನೊಂದು ಸಪ್ಪೆಯಾಗಿ ಹೋಗುವುದು ಉಂಟು. ಆದರೆ ಹುಳಿಯಾದ ಮಡಕೆಯನ್ನು ದನದ ಬಾನಿಗೆ ಸುರಿದರೆ ಒಂಬತ್ತು ಉಳಿಯುತ್ತವೆ. ಡ್ರಮ್ ಹುಳಿಯಾದರೆ ಹಬ್ಬವೇ ಹುಳಿ. ರುಚಿಯ ಏರುಪೇರಿಗೆ ಛಾಂಗ್ ಪದ್ಧತಿಯಲ್ಲೇ ಮದ್ದಿದೆ: ಗಟ್ಟಿಯಾದ ಮೊದಲ ನೀರನ್ನೂ ತೆಳುವಾದ ಕೊನೆಯ ನೀರನ್ನೂ ಬೆರೆಸಿ ಹದ ಮಾಡುವ ಹಾಗೆ ಮಡಕೆ ಮಡಕೆಗಳ ರಸವನ್ನೂ ಬೆರೆಸಬಹುದು. ಪ್ರತಿ ಸಲವೂ ಅದೇ ರುಚಿ ಬೇಕೆನ್ನುವವರಿಗೆ ಈ ಉತ್ತರ ಸಾಲದು ಎಂದು ಒಪ್ಪುತ್ತೇನೆ. ಅದು ಅಂಗಡಿಯ ಬೇಡಿಕೆ, ಹಬ್ಬದ ಮನೆಯದಲ್ಲ.

ಮನೆಯಲ್ಲಿ ಮದ್ಯ ಮಾಡುವುದನ್ನು ಹೀಗೆ ತೂಗಿ ನೋಡುವುದೇ ತಪ್ಪು ಎಂದು ಹೇಳುವವರನ್ನು ತಳ್ಳಿಹಾಕುವಂತಿಲ್ಲ. ಕುಡಿತದಿಂದ ಕರ್ನಾಟಕದ ಬಡ ಹೆಂಗಸರು ಪಟ್ಟ ಪಾಡು ಸಣ್ಣದಲ್ಲ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದದ್ದರ ಹಿಂದೆ ಆ ಸಿಟ್ಟೂ ಇತ್ತು. ಆದರೆ ಅದರ ಮರುವರ್ಷ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಕೊಂದದ್ದು ಮೆಥನಾಲ್, ಕೈಗಾರಿಕೆಯ ವಿಷ. ಧಾನ್ಯ ಹುದುಗಿದ ರಸದಲ್ಲಿ ಹಾಗೆ ಕೊಲ್ಲುವಷ್ಟು ಮೆಥನಾಲ್ ಹುಟ್ಟುವುದಿಲ್ಲ. ಭಟ್ಟಿ ಇಳಿಸುವುದೂ ಹುದುಗಿಸುವುದೂ ಬೇರೆ ಬೇರೆ ಕೆಲಸ, ಅವುಗಳ ಅಪಾಯವೂ ಬೇರೆ. ಛಾಂಗ್ ಕುಡಿದೂ ಅಮಲೇರುತ್ತದೆ, ಸಂಸಾರ ಹಾಳಾಗುತ್ತದೆ. ಅದನ್ನು ಯಾವ ಪಾತ್ರೆಯ ಗಾತ್ರವೂ ತಡೆಯುವುದಿಲ್ಲ. ಆದರೂ ಎರಡು ಮೂರು ದಿನ ಕಾದು, ಬಸಿದು, ಕೆಲವೇ ದಿನಗಳಲ್ಲಿ ಹುಳಿಯಾಗುವ ರಸವನ್ನು ಶೇಖರಿಸಿ ಮಾರುವ ದಂಧೆ ಮಾಡುವುದು ಕಷ್ಟ. 20 ಲೀಟರಿನ ಮಡಕೆ ತಾನಾಗಿಯೇ ಒಂದು ಮಿತಿ ಹಾಕುತ್ತದೆ. 200 ಲೀಟರಿನ ಡ್ರಮ್ಮಿಗೆ ಆ ಸಂಕೋಚವಿಲ್ಲ. ಅಷ್ಟು ಮಾಡಿದ ಮೇಲೆ ಕುಡಿಯುವವರನ್ನು ಹುಡುಕಬೇಕಾಗುತ್ತದೆ.

ನಮ್ಮ ಕಾನೂನು ಈ ವ್ಯತ್ಯಾಸವನ್ನು ನೋಡುವುದೇ ಇಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ 13ನೇ ಕಲಮು ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದನ್ನಷ್ಟೇ ನಿಷೇಧಿಸಿ ಸುಮ್ಮನಾಗುವುದಿಲ್ಲ, ತಯಾರಿಕೆಗೆಂದು ಪಾತ್ರೆ, ಸಾಮಗ್ರಿ, ಸಲಕರಣೆ ಇಟ್ಟುಕೊಳ್ಳುವುದನ್ನೂ ನಿಷೇಧಿಸುತ್ತದೆ. ಕಾಯ್ದೆಯ ಕಣ್ಣಿಗೆ ಹಬ್ಬದ ಮಡಕೆಯೂ ಕಳ್ಳಭಟ್ಟಿಯ ಡ್ರಮ್ಮೂ ಒಂದೇ. ಅಮೆರಿಕದ ಕಾನೂನು ಪಾತ್ರೆಯ ಗೊಡವೆಗೆ ಹೋಗದೆ ಪ್ರಮಾಣ ಎಣಿಸುತ್ತದೆ: ವಯಸ್ಕ ಒಬ್ಬನೇ ಇರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರೋ ಹೆಚ್ಚೋ ಇದ್ದರೆ 200, ಮಾರುವಂತಿಲ್ಲ. ಛತ್ತೀಸಗಡ, ಮಧ್ಯಪ್ರದೇಶಗಳು ಆದಿವಾಸಿ ಕುಟುಂಬಗಳಿಗೆ ಮನೆಬಳಕೆಯ ಮಿತಿಯೊಳಗೆ ವಿನಾಯಿತಿ ಕೊಟ್ಟಿವೆ. ಹಾಗೆ ಲೀಟರ್ ಎಣಿಸಿ ಬಿಟ್ಟುಕೊಡುವ ಕಾನೂನು ಇಲ್ಲೂ ಎಂದಾದರೂ ಬಂದರೆ, ಊರಿಗೊಂದು ಸಲಕರಣೆಯ ನಕ್ಷೆ ಬರೆಯುವುದು ಕಷ್ಟವೇನಲ್ಲ. ಎಲ್ಲರ ಕಾಳು ಒಟ್ಟಿಗೆ ಬೇಯುವ ಒಂದು ಕೊಪ್ಪರಿಗೆ, ಹೊಗೆ ಹೊರಹೋಗುವ ಒಲೆ, ಬೆಂದ ಕಾಳನ್ನು ನಾಲ್ಕು ಬೆರಳು ದಪ್ಪಕ್ಕೆ ಹರಡಿ ಬೇಗ ಆರಿಸುವ ಜಾಲರಿ ತಟ್ಟೆಗಳು, ತೊಳೆಯಲು ಬಿಸಿನೀರಿನ ನಲ್ಲಿ. ಅಲ್ಲಿಂದ ಮುಂದೆ ಅವರವರ ಮಡಕೆ, ಅವರವರ ಫಾಬ್, ಅವರವರ ಮನೆ. ಮೂರು ಮೆಟ್ಟಿಲಿನ ಸ್ಟ್ಯಾಂಡ್ ಬೇಕಿಲ್ಲ, ಪಂಪೂ ಬೇಕಿಲ್ಲ. ಬೆಸುಗೆಯವನಿಗೆ ಕೆಲಸ ಕಡಿಮೆ, ಅದೊಂದೇ ಅವನ ತಕರಾರು.