ಕಾಸೇಗಾಂವದ ಸಮಾಜಶಾಸ್ತ್ರ

ಸಮಾಜ ಸಿದ್ಧಾಂತದ ಪಠ್ಯಗಳು ಸಾಮಾನ್ಯವಾಗಿ ಮಾರ್ಕ್ಸ್, ಡರ್ಖೈಮ್, ವೇಬರ್ ಎಂಬ ಮೂವರಿಂದ ಆರಂಭವಾಗಿ, ಭಾರತದ ಮಾತು ಬಂದಾಗ ಘುರ್ಯೆ ಮತ್ತು ಎಂ. ಎನ್. ಶ್ರೀನಿವಾಸರನ್ನು ನೆನೆದು ಮುಗಿಯುತ್ತವೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಾಸೇಗಾಂವದಲ್ಲಿ ನೆಲೆಸಿ ಸಮಾಜಶಾಸ್ತ್ರಜ್ಞೆ ಗೇಲ್ ಆಮ್ವೆಟ್ (1941–2021) ದಶಕಗಳ ಕಾಲ ಬೆಳೆಸಿದ ಚಿಂತನೆಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಅಡಿಟಿಪ್ಪಣಿ. ಫುಲೆ, ಮಾರ್ಕ್ಸ್, ಅಂಬೇಡ್ಕರ್ ಮೂವರನ್ನೂ ಒಂದೇ ಚೌಕಟ್ಟಿಗೆ ತರಲು ಯತ್ನಿಸಿದ ಈ ಪರಂಪರೆಯ ಬಲವೂ ಮಿತಿಯೂ ಅದು ಬೇರುಬಿಟ್ಟ ನೆಲದಲ್ಲೇ ಸ್ಪಷ್ಟವಾಗಿ ಕಾಣುತ್ತವೆ.

ಭಾರತಕ್ಕೆ ರೈಲು ತರುವ ಆಧುನಿಕ ಉದ್ದಿಮೆಯು ಜಾತಿಗೆ ಆಧಾರವಾದ ವಂಶಪಾರಂಪರ್ಯ ಶ್ರಮವಿಭಜನೆಯನ್ನು ಕರಗಿಸುತ್ತದೆ ಎಂದು ಮಾರ್ಕ್ಸ್ 1853ರಲ್ಲಿ ನಿರೀಕ್ಷಿಸಿದ್ದ. ಸಾಂಗ್ಲಿ ಜಿಲ್ಲೆಯಲ್ಲೇ ದೊಡ್ಡ ಜಂಕ್ಷನ್ ಆಗಿ ಬೆಳೆದ ಮಿರಜದ ಸುತ್ತಮುತ್ತ ಆ ನಿರೀಕ್ಷೆ ನಿಜವಾಗಲಿಲ್ಲ. ಹುಟ್ಟಿನಿಂದ ಕಸುಬು ನಿಶ್ಚಯವಾಗುವುದನ್ನು ಡರ್ಖೈಮ್ 1893ರಲ್ಲಿ ಬಲವಂತದ ಶ್ರಮವಿಭಜನೆ ಎಂದು ಕರೆದು, ಅದು ಸಮಾಜವನ್ನು ಬೆಸೆಯಲಾರದೆಂದ. ವೇಬರ್ ಜಾತಿಯನ್ನು ಮುಚ್ಚಿದ ಸ್ಥಾನಮಾನದ ಗುಂಪು, ಅಂದರೆ ಆಸ್ತಿಗಿಂತ ಗೌರವ ಮತ್ತು ಮದುವೆಯ ನಿರ್ಬಂಧಗಳ ಮೇಲೆ ನಿಂತ ಗುಂಪು, ಎಂದು ಗುರುತಿಸಿದ. ಜಾತಿ ಶ್ರಮವನ್ನಷ್ಟೇ ಅಲ್ಲದೆ ಶ್ರಮಿಕರನ್ನೂ ಮೇಲುಕೀಳಾಗಿ ಒಡೆಯುತ್ತದೆ ಎಂಬ ಅಂಬೇಡ್ಕರರ 1936ರ ವಾದ ಈ ಮೂವರ ಮಾತನ್ನೂ ದಾಟಿ ಹೋಗುತ್ತದೆ.

ಆಮ್ವೆಟ್ ಹಿಡಿದದ್ದು ಈ ಎಳೆಯನ್ನೇ. 1873ರಲ್ಲಿ ಜೋತಿಬಾ ಫುಲೆ ಸ್ಥಾಪಿಸಿದ ಸತ್ಯಶೋಧಕ ಸಮಾಜದಿಂದ ಹೊರಟ ಬ್ರಾಹ್ಮಣೇತರ ಚಳವಳಿಯನ್ನು ಕುರಿತ ಅವರ 1976ರ ಗ್ರಂಥ ಅದನ್ನು ಸಾಂಸ್ಕೃತಿಕ ಬಂಡಾಯವೆಂದು ಕರೆಯಿತು. ಜಾತಿಯನ್ನು ಮೇಲ್ರಚನೆ, ಅಂದರೆ ಆರ್ಥಿಕ ತಳಹದಿಯ ಬರಿಯ ನೆರಳು, ಎಂದು ನೋಡುತ್ತಿದ್ದ ಅಂದಿನ ಎಡಪಂಥೀಯರಿಗೆ ಜಾತಿಯೇ ಶೋಷಣೆಯ ಭೌತಿಕ ವ್ಯವಸ್ಥೆ ಎಂಬ ಅವರ ನಿಲುವು ಹಿಡಿಸುವುದು ಸುಲಭವಿರಲಿಲ್ಲ. ಧುಳೆಯ ಶರದ್ ಪಾಟೀಲರು ಇದೇ ಹಾದಿಯಲ್ಲಿ 1978ರಲ್ಲಿ ಸತ್ಯಶೋಧಕ ಕಮ್ಯುನಿಸ್ಟ್ ಪಕ್ಷವನ್ನೇ ಕಟ್ಟಿದರು.

ಸಿದ್ಧಾಂತ ಪರೀಕ್ಷೆಗೆ ಒಳಗಾದದ್ದು ಖಾನಾಪುರ ತಾಲ್ಲೂಕಿನ ಯೇರಳಾ ನದಿಯಲ್ಲಿ. ಗುತ್ತಿಗೆದಾರರು ಮರಳು ಬಗೆದೊಯ್ದು ನದಿ ಒಣಗುತ್ತಿದ್ದಾಗ, ಆಮ್ವೆಟ್ ಅವರ ಪತಿ ಭಾರತ್ ಪಾಟಣಕರ್ ಮತ್ತು ಸಂಗಾತಿಗಳ ಮುಕ್ತಿ ಸಂಘರ್ಷ ಚಳವಳಿಯ ಜತೆ ಸೇರಿದ ಬಳವಡಿ, ತಾಂದುಳವಾಡಿ ಊರುಗಳ ಜನ ಮರಳಿನ ಹಕ್ಕು ತಮಗೇ ಬೇಕೆಂದು ಹೋರಾಡಿ, ಅದರ ಒಂದು ಪಾಲನ್ನು ಮಾರಿ ಬಂದ ಹಣದಿಂದ ಬಳಿರಾಜ ಅಣೆಕಟ್ಟನ್ನು ಎಬ್ಬಿಸಿದರು. ನೀರು ಹೊಲದ ಅಳತೆಗೆ ತಕ್ಕಂತೆ ಹಂಚಿಕೆಯಾಗದೆ ಸಮಪಾಲಾಗಬೇಕು, ಭೂಮಿಯಿಲ್ಲದವರಿಗೂ ಸಿಗಬೇಕು ಎಂಬುದು ಚಳವಳಿಯ ತತ್ತ್ವ. ಉತ್ಪಾದನಾ ಸಾಧನದ ಒಡೆತನ ಎಂಬ ಪುಸ್ತಕದ ಮಾತು ಇಲ್ಲಿ ಮರಳು ಮತ್ತು ನೀರಿನ ಲೆಕ್ಕವಾಯಿತು. ಪರಂಪರೆಯ ಅತ್ಯುತ್ತಮ ಬರಹ ಇದೇ ಎಂದರೂ ತಪ್ಪಲ್ಲ.

ಆದರೆ ಬ್ರಾಹ್ಮಣರನ್ನು ಹೊರಗಿಟ್ಟು ಉಳಿದವರನ್ನೆಲ್ಲ ಶೂದ್ರಾತಿಶೂದ್ರರೆಂದು ಒಟ್ಟುಗೂಡಿಸುವ ಫುಲೆಯವರ ವರ್ಗೀಕರಣ, ಸಾಂಗ್ಲಿಯ ನಾಯಕ ವಸಂತದಾದಾ ಪಾಟೀಲರ ಕಾಲದಿಂದ ಸಕ್ಕರೆ ಸಹಕಾರಿ ಕಾರ್ಖಾನೆಗಳ ಸುತ್ತ ಬೆಳೆದ ಮರಾಠಾ ಪ್ರಾಬಲ್ಯವನ್ನು ವಿವರಿಸುವಲ್ಲಿ ತಡವರಿಸುತ್ತದೆ. ಭೂಮಿ, ಸಂಖ್ಯೆ, ರಾಜಕೀಯ ಬಲ ಮೂರೂ ಒಂದೆಡೆ ಸೇರುವುದನ್ನು ಶ್ರೀನಿವಾಸರು ಪ್ರಬಲ ಜಾತಿ ಎಂದು ಹೆಸರಿಸಿದ್ದರು. ಕೃಷ್ಣಾ ದಡದ ಕಬ್ಬಿನ ಪಟ್ಟಿಗೆ ಅದೇ ಹೆಚ್ಚು ಒಪ್ಪುತ್ತದೆ. ರೈತ ನಾಯಕ ಶರದ್ ಜೋಶಿಯವರ ಶೇತಕರಿ ಸಂಘಟನೆಯನ್ನೂ ಮುಕ್ತ ಮಾರುಕಟ್ಟೆಯನ್ನೂ ಆಮ್ವೆಟ್ ಬೆಂಬಲಿಸಿದಾಗ ಅವರ ಬರಹದಲ್ಲಿ ರೈತ ಮುಂದೆ ಬಂದು ಕೂಲಿ ಹಿಂದೆ ಸರಿದ ಎಂಬ ಟೀಕೆಯಲ್ಲಿ ಹುರುಳಿದೆ.

ಭಾಷೆಯ ವಿಷಯದಲ್ಲಿ ಈ ಪರಂಪರೆ ಬಹುತೇಕ ಮೌನಿ. 2016ರ ಏಪ್ರಿಲ್‌ನಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಸಾಗಿತು. ಸಾಂಗ್ಲಿ ಜಿಲ್ಲೆಯದೇ ಆದ ಜತ್ತ ತಾಲ್ಲೂಕಿನ ಕನ್ನಡ ಹಳ್ಳಿಗಳು ಮಾತ್ರ ನೀರಿಗಾಗಿ ಕಾಯುತ್ತಲೇ ಇದ್ದವು. ನೀರು ಕೊಡದಿದ್ದರೆ ಕರ್ನಾಟಕಕ್ಕೆ ಸೇರುತ್ತೇವೆ ಎಂದು 2022ರಲ್ಲಿ ಅಲ್ಲಿನ ಕೆಲವು ಊರುಗಳು ಎಚ್ಚರಿಸಿದಾಗ ಎರಡೂ ರಾಜ್ಯಗಳು ಅದನ್ನು ಹೆಚ್ಚಾಗಿ ಗಡಿ ವಿವಾದವಾಗಿ ಓದಿದವು. ಯೇರಳೆಯ ಅಣೆಕಟ್ಟಿಗೆ ಹೆಸರಾದ, ಫುಲೆ ರೈತರ ರಾಜನಾಗಿ ಮರಳಿ ಕಟ್ಟಿದ ಬಲಿ ಚಕ್ರವರ್ತಿಗೆ ಬಲಿಪಾಡ್ಯಮಿಯಂದು ಕನ್ನಡದ ಮನೆಗಳಲ್ಲೂ ಪೂಜೆಯುಂಟು. ಹಾಗಿದ್ದೂ ಯೇರಳೆಯ ಸಮಪಾಲಿನ ತತ್ತ್ವವನ್ನು ಮರಾಠಿಯಾಚೆಗಿನ ಈ ರೈತರವರೆಗೆ ವಿಸ್ತರಿಸುವ ಸೈದ್ಧಾಂತಿಕ ಪ್ರಯತ್ನ ಕಾಸೇಗಾಂವದಿಂದಲೂ ಗಟ್ಟಿಯಾಗಿ ಹೊರಡಲಿಲ್ಲ, ಕನ್ನಡದ ಕಡೆಯ ಧಾರವಾಡದಿಂದಲೂ ಹೊರಡಲಿಲ್ಲ.