ವೃಂದಗಾನವೂ ಪಾರಿಜಾತದ ಹಿಮ್ಮೇಳವೂ

ಶ್ರೀಕೃಷ್ಣ ಪಾರಿಜಾತದ ಹಿಮ್ಮೇಳವನ್ನು ಪಾಶ್ಚಾತ್ಯ ಸಿಂಫನಿ ಕಚೇರಿಯ ವೃಂದಗಾನಕ್ಕೆ ಹೋಲಿಸುವುದುಂಟು. ಈ ಹೋಲಿಕೆಯನ್ನು ನಾವು ಅರ್ಧದಷ್ಟು ಮಾತ್ರ ಒಪ್ಪಬಲ್ಲೆವು.

ಆ ಕಚೇರಿಯಲ್ಲಿ ಏಕವಾದಕನ ಪಿಟೀಲೂ ವೃಂದದ ಕಂಠಗಳೂ ಲಿಖಿತ ಸ್ವರಲಿಪಿಗೆ ಅಧೀನವಾಗಿರುತ್ತವೆ. ಬೀಥೋವನನ ಪಿಟೀಲು ಕಾನ್ಚೆರ್ಟೊ 1806ರಲ್ಲಿ ವಿಯೆನ್ನಾದಲ್ಲಿ ಮೊದಲು ನುಡಿದು, ಬಳಿಕ ಬಹುಮಟ್ಟಿಗೆ ಮರೆಯಾಯಿತು. 1844ರಲ್ಲಿ 12 ವರ್ಷದ ಬಾಲಕ ಯೋವಾಖಿಮ್ ಲಂಡನ್ನಿನಲ್ಲಿ ಅದನ್ನು ನುಡಿಸಿ ಮರಳಿ ಪ್ರಚಾರಕ್ಕೆ ತಂದನು. ಸ್ವರಲಿಪಿ ಉಳಿದಿದ್ದುದರಿಂದಲೇ ಇದು ಸಾಧ್ಯವಾಯಿತು.

ಮುಧೋಳ, ಜಮಖಂಡಿ ಸೀಮೆಯ ಪಾರಿಜಾತದಲ್ಲಾದರೋ, ಸತ್ಯಭಾಮೆ ಹಾಡಿದ ಪದದ ಕೊನೆಯನ್ನು ಹಿಮ್ಮೇಳದವರು ಏರುದನಿಯಲ್ಲಿ ಎತ್ತಿಕೊಳ್ಳುತ್ತಾರೆ. ಭಾಗವತನು ಪಾತ್ರಗಳೊಡನೆ ಮಾತಿಗಿಳಿದು ಕಥೆಯನ್ನು ನಡೆಸುತ್ತಾನೆ. ಪದವನ್ನು ಎಷ್ಟು ಬೆಳೆಸಬೇಕೆಂಬುದು ಆ ರಾತ್ರಿಯ ಸಭೆಯನ್ನು ಅವಲಂಬಿಸಿದೆ. ಇದನ್ನು ಶಿಸ್ತಿನ ಅಭಾವವೆಂದು ಬಗೆಯುವುದು ತಪ್ಪು.

ಅಪರಾಳ ತಮ್ಮಣ್ಣನು ರಚಿಸಿ, ಕುಲಗೋಡ ತಮ್ಮಣ್ಣನು ಆಟಕ್ಕೆ ಒಗ್ಗಿಸಿದ ಪದಗಳನ್ನು ಅಚ್ಚಿನಲ್ಲಿ ಉಳಿಸಬಹುದು. ಅವುಗಳ ಧಾಟಿ ನೆಲಸಿರುವುದು ಹಾಡುವವರ ಕಂಠದಲ್ಲಿ. ಆ ಕಂಠ ಅಡಗಿದರೆ ಯಾವ ಯೋವಾಖಿಮನೂ ಅದನ್ನು ಮರಳಿ ತರಲಾರನು. ಆದುದರಿಂದ ಇತಿಹಾಸದ ವಿದ್ಯಾರ್ಥಿಗಳು ಶಾಸನದ ಪಡಿಯಚ್ಚು ತೆಗೆಯುವಷ್ಟೇ ಶ್ರದ್ಧೆಯಿಂದ ಈ ಹಾಡಿಕೆಯನ್ನು ಧ್ವನಿಮುದ್ರಿಸಿ, ಹಾಡಿದವರ ಊರು, ಗುರು, ಕಾಲಗಳನ್ನು ದಾಖಲಿಸಬೇಕೆಂದು ನಾವು ಭಾವಿಸುತ್ತೇವೆ.